ಗಣೇಶನ ಹಬ್ಬದಲ್ಲಿ ಉಳಿದ ಪಲ್ಯ ತುಂಬಿ ಲಾದಿ ಪಾವ್ (ಒಂದಕ್ಕೊಂದು ಅಂಟಿಕೊಂಡ ಬನ್‌ಗಳ ಸಾಲು) ಬೇಕ್ ಮಾಡಿದರೆ ತಳ ಮೆತ್ತಗಾಗುವುದೇಕೆ?

ಪಲ್ಯದ ನೀರು ಪಾವ್‌ಗೆ ಇಳಿಯುವುದರಿಂದ. ಫ್ರಿಜ್‌ನಲ್ಲಿಟ್ಟ ಆಲೂಗಡ್ಡೆ ಪಲ್ಯ ಒವನ್‌ನಲ್ಲಿ ಬಿಸಿಯಾದಾಗ ಆವಿ ಬಿಡುತ್ತದೆ, ಅದು ಒಳಗೇ ಸಿಕ್ಕಿಕೊಂಡು ಪಾವನ್ನು ನೆನೆಸುತ್ತದೆ. ಮುಂಬೈಯ ಲಾದಿ ಪಾವ್ ಹತ್ತಿಯಂತೆ ಮೃದು, ಹೀರುವುದೂ ಬೇಗ.

12 ಪಾವ್‌ಗೆ 2 ಕಪ್ ಪಲ್ಯ ಸಾಕು. ಮೊದಲು ಅದನ್ನು ಅಗಲವಾದ ಬಾಣಲೆಯಲ್ಲಿ ತಳ ಹಿಡಿಯತೊಡಗುವವರೆಗೆ ಬಾಡಿಸಿ, ಆರಲು ಬಿಡಿ. ಲಾದಿಯನ್ನು ಬಿಡಿಸದೆ ಅಡ್ಡಲಾಗಿ ಸೀಳಿ, ಕೆಳಗಿನ ಅರ್ಧವನ್ನು 180 ಡಿಗ್ರಿಯಲ್ಲಿ 4 ನಿಮಿಷ ಹಾಗೇ ಬಿಸಿ ಮಾಡಿ, ಅಂಚಿನವರೆಗೂ ಬೆಣ್ಣೆ ಸವರಿ. ಬೆಣ್ಣೆಯ ಪದರ ನೀರನ್ನು ತಡೆಯುತ್ತದೆ. ಚಟ್ನಿ ಮೇಲಿನ ಅರ್ಧಕ್ಕೆ ಮಾತ್ರ. ಪಲ್ಯ ಹರಡಿ, ಮೇಲಿನ ಅರ್ಧ ಇಟ್ಟು, ಫಾಯಿಲ್ ಮುಚ್ಚಿ 10 ನಿಮಿಷ, ಫಾಯಿಲ್ ತೆಗೆದು 5 ನಿಮಿಷ ಬೇಕ್ ಮಾಡಿ. ಈ ಕೊನೆಯ 5 ನಿಮಿಷ ತಪ್ಪಿಸಲೇಬೇಡಿ, ಆವಿ ಹೊರಹೋಗುವುದು ಆಗಲೇ. ಕಾಯಿತುರಿ ಹಾಕಿದ ಪಲ್ಯ ರಾತ್ರಿಯಿಡೀ ಹೊರಗಿದ್ದರೆ ಬಳಸಬೇಡಿ.