‘ಐ ಆಮ್ ಫೈನ್’ ಅಂದ್ರೆ ಟೀ ಬೇಕಾ, ಬೇಡ್ವಾ?

ಟೀ ಬೇಕಾ ಅಂತ ಕೇಳಿದಾಗ ಆಫೀಸಿನವರು ‘ಐ ಆಮ್ ಫೈನ್’ ಅಂದರು, ನಾನು ತಂದುಕೊಟ್ಟರೂ ಅವರು ಮುಟ್ಟಲಿಲ್ಲ, ಯಾಕೆ ಅಂತ ಕೇಳಿದ್ದೀರಿ. ಅಲ್ಲಿ ಫೈನ್ ಅಂದರೆ ‘ನನಗೇನೂ ಬೇಡ’ ಅಂತ. ಬೇಜಾರಿನಿಂದ ಹೇಳಿದ್ದಲ್ಲ, ಮರ್ಯಾದೆಯಿಂದಲೇ ಬೇಡ ಅಂದಿದ್ದು. ಅದೇ ‘ಟೀ ಈಸ್ ಫೈನ್’ ಅಂದಿದ್ದರೆ ‘ಟೀ ಆದ್ರೂ ಆಗುತ್ತೆ, ಕೊಡಿ’ ಅಂತ ಆಗುತ್ತಿತ್ತು! ನಿಮಗೆ ಗೊಂದಲ ಆಗಿದ್ದು ಸಹಜ.

ಇದರಲ್ಲಿ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಪದ ಎಲ್ಲಿ ಕೂತಿದೆ ಅನ್ನುವುದು. ‘ಎ ಫೈನ್ ರಿಪೋರ್ಟ್’ ಅಂದರೆ ತುಂಬಾ ಒಳ್ಳೆಯ ರಿಪೋರ್ಟ್. ‘ದ ರಿಪೋರ್ಟ್ ಈಸ್ ಫೈನ್’ ಅಂದರೆ ಸಾಮಾನ್ಯವಾಗಿ ‘ಪರವಾಗಿಲ್ಲ, ನಡೆಯುತ್ತೆ’ ಅಂತ ಅಷ್ಟೇ. ನಿಮ್ಮ ಬಾಸ್ ಎರಡನೆಯದನ್ನು ಹೇಳಿದರೆ ಅದನ್ನು ದೊಡ್ಡ ಹೊಗಳಿಕೆ ಅಂದುಕೊಳ್ಳಬೇಡಿ.

ಈ ಪದ ಹಳೇ ಫ್ರೆಂಚಿನ ‘ಫಿನ್’ನಿಂದ ಬಂದದ್ದು. ಅಪ್ಪಟ, ಉತ್ತಮ ದರ್ಜೆಯದು ಅಂತ ಅರ್ಥ. ಚಿನ್ನದ ವಿಷಯದಲ್ಲಿ ಆ ಅರ್ಥ ಈಗಲೂ ಇದೆ. 22 ಕ್ಯಾರೆಟ್ ಬಳೆಯ ಒಳಗಡೆ 916 ಅಂತ ಸಣ್ಣದಾಗಿ ಒತ್ತಿರುತ್ತಾರೆ, ನೋಡಿರುತ್ತೀರಿ ಅಲ್ವಾ? 1000 ಭಾಗದಲ್ಲಿ 916 ಭಾಗ ಅಪ್ಪಟ ಚಿನ್ನ ಅಂತ. ಅದನ್ನೇ ಇಂಗ್ಲಿಷಿನಲ್ಲಿ ಫೈನ್‌ನೆಸ್ ಅನ್ನುತ್ತಾರೆ. ತೆಳು, ನುಣುಪು, ಸಣ್ಣ ಅನ್ನುವುದಕ್ಕೂ ಫೈನ್ ಬರುತ್ತದೆ. ಚಿರೋಟಿ ರವೆ ಫೈನ್, ಗಾಳಿಯಲ್ಲಿರುವ ಪಿಎಂ 2.5 ಅನ್ನುವ ಅತಿ ಸಣ್ಣ ದೂಳೂ ಫೈನ್.

ಒಂದು ಎಚ್ಚರಿಕೆ. ಜಗಳದ ಮಧ್ಯೆ ಯಾರಾದರೂ ಬರೀ ‘ಫೈನ್’ ಅಂದರೆ ‘ಆಯ್ತು ಬಿಡು’ ಅನ್ನುವ ಸಿಟ್ಟು ಅದು. ಇನ್ನು ನಿಮಗೇ ಟೀ ಬೇಕಿದ್ದರೆ ಸುಮ್ನೆ ‘ಯೆಸ್, ಪ್ಲೀಸ್’ ಅಂದುಬಿಡಿ.