"ನನಗೆ ಅವತ್ತೇ ಅನ್ನಿಸಿತ್ತು ಮೇಡಂ"

ಆಪ್ತ ಸಮಾಲೋಚನೆಗೆ ಬರುವವರ ಬಾಯಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಚೀಟಿ ದುಡ್ಡು ಮುಳುಗಿದವರು, ಮದುವೆ ಮುರಿದವರು, ಮಗನ ಓದು ಕೈಕೊಟ್ಟವರು, ಎಲ್ಲರೂ ಇದನ್ನೇ ಹೇಳುತ್ತಾರೆ. ಆದರೆ ಸಾವಾದ ಮನೆಯಲ್ಲಿ ಇದು ಮನುಷ್ಯರನ್ನು ಒಳಗಿಂದಲೇ ತಿಂದುಬಿಡುತ್ತದೆ. ಅದಕ್ಕೇ ನನ್ನ ಹತ್ರ ಬಂದಿದ್ದ ಹೆಣ್ಣುಮಗಳೊಬ್ಬರ ಪ್ರಕರಣ ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಇದೆ, ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ.

ಯುಗಾದಿಗೆ ತವರಿಗೆ ಹೋಗಿದ್ದರು. ರಾತ್ರಿ ಅಪ್ಪ ಎದೆ ಉರಿ ಅಂದರು, ಇವರು ಜೀರಿಗೆ ಕಷಾಯ ಮಾಡಿ ಕೊಟ್ಟರು. ಬೆಳಗಿನ ಜಾವ ಅಪ್ಪ ಹೋಗಿಬಿಟ್ಟರು. ಹೃದಯಾಘಾತ. ನನ್ನ ಹತ್ರ ಬರುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ಇವರದೂ ಅದೇ ಮಾತು, ಇದು ಬರೀ ಗ್ಯಾಸ್ ಅಲ್ಲ ಅಂತ ಅವತ್ತೇ ಅನ್ನಿಸಿತ್ತು ಅಂತ. ನಿದ್ದೆ ಇಲ್ಲ, ಮನೆಯಲ್ಲಿ ಜೀರಿಗೆ ಡಬ್ಬಿ ಇಡುವುದನ್ನೇ ನಿಲ್ಲಿಸಿದ್ದರು. ತಿಥಿಗೆ ಬಂದ ಚಿಕ್ಕಮ್ಮ ಬೇರೆ "ಎದೆನೋವು ಯಾವುದು, ಗ್ಯಾಸ್ ಯಾವುದು ಅಂತ ಗೊತ್ತಾಗ್ಲಿಲ್ವೇನೇ?" ಅಂದಿದ್ದರಂತೆ.

ಮೂರನೇ ಭೇಟಿಯಲ್ಲಿ ಕೇಳಿದೆ, "ಆ ರಾತ್ರಿ ಯಾರಿಗಾದರೂ ವಿಷಯ ತಿಳಿಸಿದ್ರಾ?"

"ಅಣ್ಣನಿಗೆ ವಾಟ್ಸಾಪ್ ಮಾಡಿದ್ದೆ. ಆಮೇಲೆ ತೆಗೆದು ನೋಡೋಕೆ ಧೈರ್ಯ ಬಂದಿಲ್ಲ."

ನೋಡಬೇಕು ಅನ್ನಿಸಿದರೆ ಇಲ್ಲೇ ನೋಡೋಣ, ಬೇಡ ಅನ್ನಿಸಿದರೆ ಬಿಡೋಣ ಅಂದೆ. ತುಂಬ ಹೊತ್ತು ಸುಮ್ಮನೆ ಕೂತಿದ್ದು ಆಮೇಲೆ ಫೋನ್ ತೆಗೆದರು. ಬೆರಳು ಮೇಲೆ ಮೇಲೆ ಸರಿಸುತ್ತಾ ಯುಗಾದಿಯ ದಿನಕ್ಕೆ ಬಂದು ನಿಂತರು. ರಾತ್ರಿ 9.50. ಜೋರಾಗಿ ಓದಿದರು: "ಅಪ್ಪಂಗೆ ಮತ್ತೆ ಗ್ಯಾಸ್. ಮಧ್ಯಾಹ್ನ ಮೂರು ಒಬ್ಬಟ್ಟು ತಿಂದಿದಾರೆ, ಬೇಡ ಅಂದ್ರೂ ಕೇಳಲ್ಲ. ಕಷಾಯ ಕೊಟ್ಟೆ, ಮಲಗಿದಾರೆ. ನಾಳೆ ಬರ್ತಾ ಕುಕ್ಕರ್ ಗ್ಯಾಸ್ಕೆಟ್ ತಗೊಂಡು ಬಾ."

ಗ್ಯಾಸ್ಕೆಟ್ ಅನ್ನುವಲ್ಲಿಗೆ ದನಿ ನಿಂತಿತು. ಫೋನನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡಿದರು. "ಮೇಡಂ, ಅಪ್ಪನಿಗೆ ಏನೋ ಆಗ್ತಿದೆ ಅಂತ ಗೊತ್ತಿದ್ದೋಳು ಗ್ಯಾಸ್ಕೆಟ್ ತಾ ಅಂತ ಹೇಳ್ತಾಳಾ?"

ಆಮೇಲೆ ಅತ್ತರು. ಎಂಟು ತಿಂಗಳಲ್ಲಿ ಅಪ್ಪನಿಗಾಗಿ ಅತ್ತಿದ್ದು ಅದೇ ಮೊದಲು, ಅಲ್ಲಿಯವರೆಗೆ ಅತ್ತಿದ್ದೆಲ್ಲ ತನ್ನ ತಪ್ಪಿಗಾಗಿ.

"ನಿಮ್ಮ ತಪ್ಪಿಲ್ಲ ಬಿಡಿ" ಅಂತ ನಾನು ಯಾಕೆ ಹೇಳಲಿಲ್ಲ ಅಂತ ಕೇಳಬಹುದು. ಆ ಮಾತನ್ನು ಊರೆಲ್ಲ ಹೇಳಿಯಾಗಿತ್ತು. 'ನನಗೆ ಗೊತ್ತಿತ್ತು' ಅಂತ ನೆನಪೇ ಸಾಕ್ಷಿ ಹೇಳುತ್ತಿರುವಾಗ ಸಮಾಧಾನದ ಮಾತು ಎಲ್ಲಿ ನಾಟುತ್ತದೆ? ಆ ನೆನಪೇ ತಿದ್ದಿಹೋಗಿತ್ತು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ಮಾಸ್ಕೋಗೂ ಹೊರಟಾಗ, ಅಲ್ಲಿ ಏನೇನು ನಡೆಯಬಹುದು, ಎಷ್ಟು ಸಾಧ್ಯತೆ ಅಂತ ಬರೂಕ್ ಫಿಶಾಫ್ ಮತ್ತು ರೂತ್ ಬೇತ್ ಎಂಬ ಮನಶ್ಶಾಸ್ತ್ರ ಸಂಶೋಧಕರು ಇಸ್ರೇಲಿನ ವಿದ್ಯಾರ್ಥಿಗಳಿಂದ ಬರೆಸಿಕೊಂಡಿದ್ದರು. ಪ್ರವಾಸ ಮುಗಿದ ಮೇಲೆ, ಮೊದಲು ಏನು ಬರೆದಿದ್ರಿ, ನೆನಪು ಮಾಡಿಕೊಳ್ಳಿ ಅಂದರು. ನಿಜವಾಗಿ ನಡೆದ ಸಂಗತಿಗಳಿಗೆ, ತಾವು ಬರೆದದ್ದಕ್ಕಿಂತ ಜಾಸ್ತಿ ಅಂಕಿ ಕೊಟ್ಟಿದ್ದೆವು ಅಂತಲೇ ಹೆಚ್ಚಿನವರಿಗೆ ನೆನಪು. ಅವರು ಸುಳ್ಳು ಹೇಳುತ್ತಿರಲಿಲ್ಲ. ಕೊನೆ ಗೊತ್ತಾದ ಕೂಡಲೇ ಮನಸ್ಸು ಅದನ್ನು ಹಳೆಯ ನೆನಪಿಗೆ ಸೇರಿಸಿ ಹೊಲಿಯುತ್ತದೆ, ಆ ಹೊಲಿಗೆ ನಮಗೇ ಕಾಣುವುದಿಲ್ಲ. ಚಿಕ್ಕಮ್ಮನ ಮಾತೂ ಅಷ್ಟೆ. ಅಟ್ಟ ಮೇಲೆ ಉರಿದ ಒಲೆಯ ಬೆಳಕಿನಲ್ಲಿ ಅವರಿಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ಹಿರಿಯ ಸಹೋದ್ಯೋಗಿಯೊಬ್ಬರು ನಾನು ಹೀಗೆ ಮೆಸೇಜ್ ತೆಗೆಸಿ ಓದಿಸಿದ್ದನ್ನು ಒಪ್ಪಲಿಲ್ಲ. ಆ ಮೆಸೇಜಿನಲ್ಲಿ 'ನನಗೆ ಭಯ ಆಗ್ತಿದೆ' ಅಂತ ಇದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳಿದರು. ಆ ಪ್ರಶ್ನೆ ಇವತ್ತಿಗೂ ನನ್ನನ್ನು ಕಾಡುತ್ತದೆ. ಹಾಗಿದ್ದರೆ ಅದು ಎಷ್ಟು ಭಯ, ಯಾವುದರ ಭಯ, ಆಮೇಲೆ ಏನಾಯಿತು ಅಂತ ಇನ್ನೂ ಹಲವು ದಿನ ಕೂತು ನೋಡಬೇಕಾಗುತ್ತಿತ್ತು. ಆದರೂ ಇಲ್ಲದ ತಪ್ಪನ್ನು ಹೊರುವುದಕ್ಕಿಂತ ಇದ್ದ ತಪ್ಪನ್ನು ಹೊರುವುದು ಹಗುರ ಅಂತಲೇ ನಾನು ನಂಬುತ್ತೇನೆ.

ಆಕೆಗೆ ಕೊಟ್ಟ ಸಲಹೆ ಇಷ್ಟೆ. ಒಂದು ಹಾಳೆಯಲ್ಲಿ ಆ ರಾತ್ರಿ 10 ಗಂಟೆಯವರೆಗೆ ಗೊತ್ತಿದ್ದದ್ದನ್ನು ಮಾತ್ರ ಬರೆಯಿರಿ, ಬೆಳಗಿನ ಜಾವದಲ್ಲಿ ಗೊತ್ತಾದದ್ದು ಒಂದಕ್ಷರವೂ ಬೇಡ. ಅಪ್ಪನಿಗೆ ಹಿಂದೆ ಎಷ್ಟು ಸಲ ಎದೆ ಉರಿ ಬಂದು ಕಷಾಯದಲ್ಲೇ ಹೋಗಿತ್ತು ಅನ್ನುವುದನ್ನೂ ಬರೆಯಿರಿ. ನೆನಪಿದ್ದಷ್ಟೇ ಹನ್ನೊಂದು ಸಲ ಆಯಿತು.

ಓದುವವರಿಗೆ ಇನ್ನೊಂದು ಮಾತು ಹೇಳಲೇಬೇಕು. ಎದೆ ಹಿಂಡಿದ ಹಾಗಾಗಿ ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಹರಡಿದರೆ ಕಷಾಯ ಕಾಯಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಕಾಣಿಸಬಹುದು. ಇದನ್ನು ಮುಂದಕ್ಕೆ ಕಲಿತುಕೊಳ್ಳಿ, ಹಿಂದೆ ತೀರಿಕೊಂಡವರ ವಿಷಯಕ್ಕೆ ಒಯ್ದು ನಿಮ್ಮನ್ನು ನೀವು ಶಿಕ್ಷಿಸಿಕೊಳ್ಳಬೇಡಿ.

ಕೊನೆಯ ಸಲ ಬಂದಾಗ ಆಕೆ ಅಣ್ಣನ ವಿಷಯ ಹೇಳಿದರು. ಅವನೂ ಇಷ್ಟು ದಿನ ಒಳಗೊಳಗೇ ಕೊರಗುತ್ತಿದ್ದನಂತೆ, ಮೆಸೇಜ್ ಓದಿದಾಗಲೇ ಅನುಮಾನ ಬಂದಿತ್ತು, ಆಗಲೇ ಹೊರಡಬೇಕಿತ್ತು ಅಂತ. ಫೋನ್ ತೆಗೆದು ತೋರಿಸಿದೆ ಮೇಡಂ ಅಂದರು. 9.52ಕ್ಕೆ ಅವನ ಉತ್ತರ ಕೆಳಗೇ ಇತ್ತು: "ಎಷ್ಟು ಲೀಟರ್ ಕುಕ್ಕರ್?"