ದೊಡ್ಡಪ್ಪ ಜಿಪುಣರಲ್ಲ

ನಮಸ್ಕಾರ.

ನಿಮ್ಮ ‘ಅಟ್ಟ’ ಕಥೆಯನ್ನು ಮೂರು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ತೀರ್ಥಹಳ್ಳಿ ಕಡೆಯ ಒಂದು ತೋಟದ ಮನೆ, ಅಡಿಕೆ ಸುಲಿತದ ಕಾಲ, ಯಜಮಾನಿಕೆ ನಡೆಸುವ ದೊಡ್ಡಪ್ಪ, ಹೊಸದಾಗಿ ಬಂದ ಸೊಸೆ. ಇಷ್ಟನ್ನು ಇಟ್ಟುಕೊಂಡು 12 ಪುಟ ಬರೆದಿದ್ದೀರಿ. ಮನೆಯೂ ನಿಜ, ಜನರೂ ನಿಜ. ಕೆಟ್ಟಿರುವುದು ಒಂದೇ ಕಡೆ, ಆ ಜನರ ಸ್ವಭಾವ ಹೇಳುವ ಪದಗಳಲ್ಲಿ.

ದೊಡ್ಡಪ್ಪನಿಗೆ ನೀವು ಕೊಟ್ಟ ಹೆಸರುಗಳಿಗೆಲ್ಲ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡೆ. 2ನೇ ಪುಟದಲ್ಲಿ ಜಿಪುಣ. 3ರಲ್ಲಿ ಮಿತವ್ಯಯಿ. 4ರಲ್ಲಿ ಕಂಜೂಸ್. 8ರಲ್ಲಿ ಕೃಪಣ. ಕೊನೆಗೆ ಜುಗ್ಗ. ಬರೆದ ಪದವನ್ನೇ ಮತ್ತೆ ಬರೆಯಬಾರದು ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಪ್ರಬಂಧಕ್ಕೆ ಅದು ಸರಿ ಇರಬಹುದು. ಕಥೆಯಲ್ಲಿ ಹೀಗೆ ಮಾಡಿದರೆ ಐದು ಜನ ಬೇರೆ ಬೇರೆ ಮನುಷ್ಯರು ಒಂದೇ ಪಂಚೆ ಉಟ್ಟು ಓಡಾಡಿದ ಹಾಗಾಗುತ್ತದೆ.

ಜಿಪುಣ ಅಂದರೆ ಇದ್ದೂ ಖರ್ಚು ಮಾಡದವನು. ಹೆಚ್ಚಾಗಿ ತನ್ನ ಹೊಟ್ಟೆಗೂ ಮಾಡುವುದಿಲ್ಲ. ಜುಗ್ಗ ಅಂದಾಗ ಕಣ್ಣಿಗೆ ಬರುವುದು ಇನ್ನೊಬ್ಬರಿಗೆ ಕೊಡುವಾಗ ನಾಲ್ಕಾಣೆಗೂ ಕೊಸರಾಡುವವನು. ಆ ಪದದಲ್ಲಿ ತಾತ್ಸಾರ ಇದೆ. ಕೂಲಿಗೆ ಕೈಚಾಚಿ ನಿಂತವರ ಬಾಯಲ್ಲಿ ಅದು ಬರುತ್ತದೆ. ಕಂಜೂಸ್ ಹಿಂದಿಯಿಂದ ಬಂದದ್ದು, ಕಾಲೇಜು ಹುಡುಗರು ಕ್ಯಾಂಟೀನಿನಲ್ಲಿ ಒಬ್ಬರನ್ನೊಬ್ಬರು ಕಿಚಾಯಿಸುವ ಪದ. ಶಿವಮೊಗ್ಗದಲ್ಲಿ ಓದುವ ನಿಮ್ಮ ಕಥೆಯ ಮಗ ಅದನ್ನು ಹೇಳಬಹುದು, ಅಜ್ಜಿ ಹೇಳಲಾರರು. ಕೃಪಣ ಪುಸ್ತಕದ ಪದ. ಸಂಸ್ಕೃತದಲ್ಲಿ ಅದಕ್ಕೆ ದೀನ, ಮರುಕ ಪಡಬೇಕಾದವನು ಅನ್ನುವ ಅರ್ಥವೂ ಇದೆ. ದೊಡ್ಡಪ್ಪನನ್ನು ಕಂಡು ಮರುಕ ಪಡುವವರು ನಿಮ್ಮ ಕಥೆಯಲ್ಲಿ ಒಬ್ಬರೂ ಇಲ್ಲ. ಮಿತವ್ಯಯಿ ಅನ್ನುವುದನ್ನು ಅಡಿಕೆ ಅಂಗಳದಲ್ಲಿ ಯಾರೂ ಆಡಿ ನಾನು ಕೇಳಿಲ್ಲ. ಗೌರವ ಇಟ್ಟುಕೊಂಡು ಹೇಳುವಾಗ ನಮ್ಮ ಕಡೆ ‘ಅವರದ್ದು ಸ್ವಲ್ಪ ಕೈ ಬಿಗಿ’ ಅನ್ನುತ್ತಾರೆ. ಮೆಚ್ಚಿ ಹೇಳುವುದಾದರೆ ‘ಹಿಡಿತದ ಮನುಷ್ಯ’.

ಇಷ್ಟೇ ಆಗಿದ್ದರೆ ನಾನೇ ತಿದ್ದಿ ಹಾಕಿಕೊಳ್ಳುತ್ತಿದ್ದೆ. ನನ್ನನ್ನು ತಡೆದದ್ದು 7ನೇ ಪುಟ.

ರಾತ್ರಿ ಹತ್ತು ಗಂಟೆ. ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಮುಂದೆ ಹೆಂಗಸರು ಕೂತಿದ್ದಾರೆ. ಸುಲಿದ ಅಡಿಕೆಯನ್ನು ಡಬ್ಬದಲ್ಲಿ ಅಳೆದು, ಡಬ್ಬಕ್ಕೆ ಇಷ್ಟು ಅಂತ ಕೂಲಿ. ಒಬ್ಬಾಕೆ ತನ್ನ ಬುಟ್ಟಿ ತಂದು ಸುರಿಯುತ್ತಾಳೆ. ಡಬ್ಬ ತುಂಬಿ ಮೇಲೆ ಗೋಪುರ ಏಳುತ್ತದೆ. ದೊಡ್ಡಪ್ಪ ಅಂಗೈ ಅಡ್ಡ ಇಟ್ಟು ಡಬ್ಬದ ಬಾಯಿಯ ಮಟ್ಟಕ್ಕೆ ಸವರುತ್ತಾರೆ. ಮೇಲಿನ ಅಡಿಕೆ ಜಾರಿ ಆಕೆಯ ಬುಟ್ಟಿಗೇ ಬೀಳುತ್ತದೆ. ನೆಲಕ್ಕೆ ಉರುಳಿದ ಎರಡನ್ನೂ ಬಗ್ಗಿ ಹೆಕ್ಕಿ ಅದೇ ಬುಟ್ಟಿಗೆ ಹಾಕುತ್ತಾರೆ. ಆಮೇಲೆ ಪುಸ್ತಕದಲ್ಲಿ ಒಂದು ಗೆರೆ ಎಳೆಯುತ್ತಾರೆ.

ಎಷ್ಟು ಚೆನ್ನಾಗಿ ಕಂಡಿದ್ದೀರಿ! ಜಿಪುಣನಾಗಿದ್ದರೆ ಆ ಗೋಪುರವನ್ನು ಮುಟ್ಟುತ್ತಲೇ ಇರಲಿಲ್ಲ. ಒಂದೇ ಕೂಲಿಗೆ ಎರಡು ಬೊಗಸೆ ಜಾಸ್ತಿ ಅಡಿಕೆ ಸಿಗುತ್ತಿತ್ತಲ್ವಾ? ಇವರು ತನಗೆ ಬರಬೇಕಾದ್ದನ್ನು ಬಿಡುವುದಿಲ್ಲ, ಬರಬಾರದ್ದನ್ನು ಇಟ್ಟುಕೊಳ್ಳುವುದೂ ಇಲ್ಲ. ಇಂಥವರನ್ನು ನಾವು ‘ಲೆಕ್ಕದ ಮನುಷ್ಯ’ ಅನ್ನುತ್ತೇವೆ. ‘ಲೆಕ್ಕಾಚಾರದ ಮನುಷ್ಯ’ ಬೇರೆ. ನಿಮ್ಮ ಕೈಗೆ ಕಾಫಿ ಲೋಟ ಕೊಡುವಾಗಲೇ ಅವನು ನಿಮ್ಮಿಂದ ಏನು ಕೆಲಸ ಆಗುತ್ತದೆ ಅಂತ ನೋಡಿಕೊಂಡಿರುತ್ತಾನೆ. ಲೆಕ್ಕದವನ ಜೊತೆ ಕಣ್ಣು ಮುಚ್ಚಿ ವ್ಯವಹಾರ ಮಾಡಬಹುದು. ಲೆಕ್ಕಾಚಾರದವನ ಪಕ್ಕ ಊಟಕ್ಕೆ ಕೂರುವಾಗಲೂ ಎಚ್ಚರ ಬೇಕು.

ಇಂಥ ಪ್ರಸಂಗ ಬರೆದು, ಅದರ ಮರುಸಾಲಲ್ಲೇ ‘ಒಟ್ಟಿನಲ್ಲಿ ದೊಡ್ಡಪ್ಪ ಮಹಾ ಜಿಪುಣರು’ ಅಂತ ಮುಗಿಸಿದ್ದೀರಿ. ನಿಮ್ಮ ಕಣ್ಣು ಕಂಡದ್ದನ್ನು ನಿಮ್ಮ ಪದವೇ ಅಳಿಸಿಹಾಕಿತು. ಅದೇ ರಾತ್ರಿ ಮುಕ್ಕಾಲು ಡಬ್ಬ ಸುಲಿದು ತಂದ ಇನ್ನೊಬ್ಬಾಕೆ ಇದ್ದಾಳೆ. ಅವಳಿಗೆ ಮಗುವಿನ ಔಷಧಿಗೆ ದುಡ್ಡು ಬೇಕು. ದೊಡ್ಡಪ್ಪ ಮುಕ್ಕಾಲಿಗೇ ಕೂಲಿ ಬರೆಯುತ್ತಾರೆ. ದಾರಿಯಲ್ಲಿ ಅವಳು ‘ಜುಗ್ಗ’ ಅಂತ ಬೈದುಕೊಂಡು ಹೋಗಲಿ. ಅವಳ ಮಟ್ಟಿಗೆ ಅದು ಸತ್ಯ. ಆದರೆ ಆ ಪದ ಅವಳದು, ಅವಳ ಬಾಯಲ್ಲೇ ಇರಬೇಕು. ಕಥೆ ಹೇಳುವ ನೀವು ಅದನ್ನು ಎರವಲು ತಂದರೆ ಅವಳ ಕಷ್ಟವೂ ಕಾಣುವುದಿಲ್ಲ, ದೊಡ್ಡಪ್ಪನೂ ಕಾಣುವುದಿಲ್ಲ.

ಸರಕು, ಬೆಟ್ಟೆ, ರಾಶಿ, ಗೊರಬಲು ಬೇರೆ ಬೇರೆ ಚೀಲಕ್ಕೆ ತುಂಬುವುದನ್ನು ನೀವೇ ಬರೆದಿದ್ದೀರಿ. ಎಲ್ಲವೂ ಅಡಿಕೆಯೇ. ಎಳಸೋ ಬಲಿತದ್ದೋ ಅನ್ನುವುದರ ಮೇಲೆ ಹೆಸರು ಬೇರೆ, ಶಿವಮೊಗ್ಗ ಮಂಡಿಯಲ್ಲಿ ದರವೂ ಬೇರೆ. ಕಡಿಮೆ ದರದ ಗೊರಬಲನ್ನು ಬೆಟ್ಟೆ ಅಂತ ಕಳಿಸಲು ನಿಮ್ಮ ದೊಡ್ಡಪ್ಪ ಒಪ್ಪುತ್ತಾರಾ? ಪದಗಳೂ ಹಾಗೇ.

ಸೊಸೆಯ ವಿಷಯಕ್ಕೆ ಬರುತ್ತೇನೆ. ಅವಳನ್ನು ಒಂದೇ ಪುಟದಲ್ಲಿ ಮುಗ್ಧೆ, ಸಾಧು, ಪಾಪದವಳು, ಪೆದ್ದಿ ಅಂದಿದ್ದೀರಿ. ಮುಗ್ಧ, ಮೂಢ ಎರಡೂ ಸಂಸ್ಕೃತದ ‘ಮುಹ್’ ಅನ್ನುವ ಒಂದೇ ಬೇರಿನಿಂದ ಬಂದವು. ಮನಸ್ಸಿಗೆ ಮಂಕು ಕವಿಯುವುದು ಅದರ ಅರ್ಥ. ಕನ್ನಡದಲ್ಲಿ ಒಂದು ಮುದ್ದಿನ ಮಾತಾಯಿತು, ಇನ್ನೊಂದು ಬೈಗುಳವಾಯಿತು. ಲೋಕದ ಕೆಟ್ಟದ್ದು ಇನ್ನೂ ತಾಗದವಳು ಮುಗ್ಧೆ. ತಾಗಿದ ಮೇಲೂ ತಿರುಗಿ ಬೀಳದವಳು ಸಾಧು. ‘ಪಾಪದವಳು’ ಅನ್ನುವಾಗ ಹೇಳುವವರ ಕರುಣೆಯೂ ಸೇರಿರುತ್ತದೆ. ‘ಪಾಪದವಳು’ ಮತ್ತು ‘ಪಾಪಿ’ ಪೂರಾ ಎದುರುಬದುರು, ಆದರೂ ಕನ್ನಡದ ಮಗು ಕೂಡ ಇವನ್ನು ಅದಲುಬದಲು ಮಾಡುವುದಿಲ್ಲ. ಅಷ್ಟು ಸೂಕ್ಷ್ಮ ನಮ್ಮ ಕಿವಿಯಲ್ಲೇ ಇದೆ. ನೀವು ಬರೆಯಲು ಕೂತಾಗ ಆ ಕಿವಿಯನ್ನು ಬಿಟ್ಟು ಸಮಾನಾರ್ಥಕ ಪದಗಳ ಪಟ್ಟಿ ಹಿಡಿದಿರಿ ಅಂತ ನನಗನಿಸಿತು.

ಪಕ್ಕದ ಮನೆಯವರು ಮದುವೆಗೆ ಹಾಕಿಕೊಳ್ಳಲು ಬೆಂಡೋಲೆ ಕೇಳುತ್ತಾರೆ. ತವರಿಂದ ತಂದ ಒಂದೇ ಜೊತೆ. ಸೊಸೆ ಕಿವಿಗೆ ಕೈ ಹಾಕಿ, ಒಂದು ಕ್ಷಣ ತಿರುಪನ್ನು ಹಿಡಿದುಕೊಂಡು, ಬಿಚ್ಚಿ ಕೊಡುತ್ತಾಳೆ. ಆ ಒಂದು ಕ್ಷಣ ಬರೆದದ್ದಕ್ಕೆ ನಿಮಗೆ ಶಾಭಾಸ್. ಆದರೆ ಕೆಳಗೆ ‘ಅವಳದು ನಾಚಿಕೆಯ ಸ್ವಭಾವ’ ಅಂತ ಯಾಕೆ ಬರೆದಿರಿ? ನಾಲ್ಕು ಜನರ ಕಣ್ಣಿಗೆ ಬೀಳಲು ಮುಖ ಕೆಂಪಾದರೆ ನಾಚಿಕೆ. ತನಗೆ ಬೇಕಾದ್ದನ್ನು ಕೇಳಲು ಬಾಯಿ ಬರದಿದ್ದರೆ ಸಂಕೋಚ. ಇನ್ನೊಬ್ಬರು ಕೇಳಿದ್ದನ್ನು ಇಲ್ಲ ಅನ್ನಲು ಬಾಯಿ ಬರದಿದ್ದರೆ ದಾಕ್ಷಿಣ್ಯ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರೋಕೆ ಜಾಗ ಇಲ್ಲ ಅನ್ನುತ್ತಾರಲ್ಲ, ನಿಮ್ಮ ಸೊಸೆಯ ಕಥೆ ಅದೇ. ಮುಂದೆ ಅವಳಿಗೆ ಆಗುವುದೆಲ್ಲ ಆ ಬೆಂಡೋಲೆಯಿಂದಲೇ ಶುರುವಾಗುತ್ತದೆ.

ಹಠ ಮತ್ತು ಛಲದ ಬಗ್ಗೆ ಒಂದೇ ಮಾತು. ತೋಟ ಮಾರಲು ಒಪ್ಪದ ದೊಡ್ಡಪ್ಪನಿಗೆ ಎರಡನ್ನೂ ಬಳಸಿದ್ದೀರಿ. ಸಂಸ್ಕೃತದ ಛಲಕ್ಕೆ ಮೋಸ ಅಂತ ಅರ್ಥ, ಕನ್ನಡದಲ್ಲಿ ಅದು ಸೋತರೂ ಬಿಡದ ಗುಣ. 10ನೇ ಶತಮಾನದ ಪಂಪ ದುರ್ಯೋಧನನನ್ನು ನೆನೆಯಬೇಕೆಂದದ್ದು ಆ ಗುಣಕ್ಕೇ. ಭೀಮನನ್ನು ಕೇಳಿದ್ದರೆ ಹಠ ಅಂತಿದ್ದ. ಹಾಗಾಗಿ ಮಗ ಹಠ ಅನ್ನಲಿ. ನಲವತ್ತು ವರ್ಷ ಅದೇ ತೋಟದ ಮರ ಹತ್ತಿ ಅಡಿಕೆ ಕೊನೆ ಕೊಯ್ದ ಕೊನೆಗೌಡ ಛಲ ಅನ್ನಲಿ.

ಈಗ ಮಾಡಬೇಕಾದ ಕೆಲಸ. ಸ್ವಭಾವ ಹೇಳುವ ಪದ ಬಂದಲ್ಲೆಲ್ಲ ಗೆರೆ ಎಳೆಯಿರಿ. ಪಕ್ಕದಲ್ಲಿ ಇದು ಯಾರ ಮಾತು ಅಂತ ಬರೆಯಿರಿ. ಉತ್ತರ ಸಿಗದಿದ್ದರೆ ಪದ ತೆಗೆದುಬಿಡಿ. ಕಥೆ ಎರಡು ಪುಟ ಚಿಕ್ಕದಾದರೂ ಪರವಾಗಿಲ್ಲ. ಡಬ್ಬದ ಪ್ರಸಂಗವನ್ನು ಮುಟ್ಟಬೇಡಿ, ಅದರ ಕೊನೆಯ ಸಾಲು ಮಾತ್ರ ಹೋಗಬೇಕು. ನಿಮ್ಮ ಮನೆಯಲ್ಲೂ ಈಗ ಕೊಯ್ಲು ಅಂತ ಬರೆದಿದ್ದೀರಿ. ಸುಲಿತ, ಬೇಯಿಸುವುದು ಎಲ್ಲ ಮುಗಿಸಿಕೊಂಡು ನಿಧಾನವಾಗಿ ತಿದ್ದಿ, ನನ್ನ ಹೆಸರಿಗೇ ಕಳಿಸಿ. ಕಾಯುತ್ತಿರುತ್ತೇನೆ.